ವಾಚು ಕಟ್ಟುವ ತಮ್ಮ

ಬಸವೇಶ್ವರನಗರ
ಗುರುವಾರ, 13 ನವೆಂಬರ್ 2025

ನನ್ನ ಮುದ್ದು ಮೊಂಡ ಕೊಟ್ರೇಶನಿಗೆ,

ಅಕ್ಕನ ಆಶೀರ್ವಾದ. ಕಾಗದ ನೋಡಿ ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಇಪ್ಪತ್ತು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಎರಡು ನೀಲಿ ಗೀಟು ಬೀಳುತ್ತವೆ, ಉತ್ತರ ಬರುವುದಿಲ್ಲ. ಕೆಂಗೇರಿ ಏನು ಕಾಶಿಯಷ್ಟು ದೂರವೇ, ನಾನೇ ಬಂದುಬಿಡಬಹುದಿತ್ತು. ಆದರೆ ಎದುರುಬದುರು ಕೂತರೆ ನೀನು ಒಂದು ಅನ್ನುತ್ತೀಯ, ನಾನು ಎರಡು ಅನ್ನುತ್ತೇನೆ. ನಿನ್ನ ಹೆಂಡತಿ ರಂಜಿನಿ ಪಾಪ, ಯಾರ ಕಡೆ ನಿಲ್ಲಬೇಕೋ ತಿಳಿಯದೆ ಮೂರನೇ ಸಲ ಕಾಫಿ ತರುತ್ತಾಳೆ. ಅದಕ್ಕೇ ಈ ಕಾಗದ. ಇದರ ಮಧ್ಯೆ ನಿನಗೆ ಬಾಯಿ ಹಾಕಲು ಆಗುವುದಿಲ್ಲ.

ವಿಷಯ ವಾಚಿನದು. ಇಪ್ಪತ್ತಮೂರನೇ ತಾರೀಕು ಭಾನುವಾರ ನನ್ನ ನಿಶ್ಚಿತಾರ್ಥ. ಆ ದಿನ ಗಂಡಿನ ಕೈಗೆ ಹೆಣ್ಣಿನ ಅಣ್ಣನೋ ತಮ್ಮನೋ ವಾಚು ಕಟ್ಟುವುದು ನಮ್ಮ ಮನೆಯ ರೂಢಿ, ನಿನಗೆ ಗೊತ್ತಿದೆ. ಅಪ್ಪನಿಗೆ ಸೋದರಮಾವ ಕಟ್ಟಿದ ವಾಚನ್ನು ನೀನು ಆರನೇ ಕ್ಲಾಸಿನಲ್ಲಿ ಬಿಚ್ಚಿ ಹರವಿ, ಮತ್ತೆ ಜೋಡಿಸಲಾಗದೆ ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೂ ಗೊತ್ತಿದೆ. ಬೈಸಿಕೊಂಡವಳು ನಾನು.

ವಾಚು ತರಲು ಒಬ್ಬಳೇ ಹೋದೆ. ಸೆಲ್ ಹಾಕೋದು ವಾಚೇ ಅಲ್ಲ ಕಣಕ್ಕಾ, ತಗೊಂಡ್ರೆ ಆಟೋಮ್ಯಾಟಿಕ್ಕೇ ತಗೋಬೇಕು ಅಂತ ನೀನು ಅನ್ನುತ್ತಿದ್ದೆಯಲ್ಲ, ಅದೊಂದು ತಲೆಯಲ್ಲಿತ್ತು. ಹದಿನೈದು ಸಾವಿರ ದಾಟಬಾರದು ಅನ್ನುವುದೂ ಇತ್ತು. ವಿಜಯನಗರದ ಒಂದು ಅಂಗಡಿಯಲ್ಲಿ ತೋರಿಸಿದ್ದೆಲ್ಲ ಇಡ್ಲಿಯಷ್ಟು ದಪ್ಪ, ಷರಟಿನ ತೋಳಿನೊಳಗೆ ಹೋಗುವಂತೆಯೇ ಇರಲಿಲ್ಲ. ಇನ್ನೊಂದರಲ್ಲಿ ಮುಖದ ತುಂಬ ಮುಳ್ಳುಗಳು, ದೊಡ್ಡದರೊಳಗೆ ಮೂರು ಪುಟ್ಟ ಗಡಿಯಾರ. ಟೈಮು ಎಷ್ಟೆಂದು ಹುಡುಕುವಷ್ಟರಲ್ಲಿ ಟೈಮೇ ಮುಂದೆ ಹೋಗಿತ್ತು. ಕಡೆಗೆ ರಾಜಾಜಿನಗರದಲ್ಲಿ ವೆಂಕಟಸ್ವಾಮಿ ಅನ್ನುವ ವಯಸ್ಸಾದವರ ಅಂಗಡಿಯಲ್ಲಿ ಸಿಕ್ಕಿತು. ತೆಳ್ಳಗಿದೆ. ಕೆನೆ ಬಣ್ಣದ ಮುಖ, ಅಂಕಿಯ ಜಾಗದಲ್ಲಿ ಸಣ್ಣ ಗೀಟು, ಕಂದು ಚರ್ಮದ ಪಟ್ಟಿ. ಹಿಂದೆ ಗಾಜು, ಒಳಗಿನ ಚಕ್ರಗಳು ಕಾಣುತ್ತವೆ. ನೀನಿದ್ದಿದ್ದರೆ ಅದನ್ನು ತಿರುಗಿಸಿ ಮುರುಗಿಸಿ ಅಂಗಡಿಯವರ ತಲೆ ತಿನ್ನುತ್ತಿದ್ದೆ. ಪಕ್ಕದಲ್ಲಿ ನೀನಿಲ್ಲದ್ದಕ್ಕೆ ಬಹಳ ಬೇಜಾರಾಯಿತು ಕಣೋ.

ಈಗ ನನ್ನ ಬುದ್ಧಿವಂತಿಕೆ ಕೇಳು. ಮಾರನೇ ದಿನ ಕಾರ್ತಿಕ ಸೋಮವಾರ. ಹೊಸ ವಸ್ತು, ಶುಭಕಾರ್ಯದ್ದು ಅಂತ ವಾಚಿಗೆ ವಿಭೂತಿ ಹಚ್ಚಿ, ಹೂವಿಟ್ಟು, ದೇವರ ಜಗಲಿಯ ಮೇಲಿಟ್ಟೆ. ನಿಶ್ಚಿತಾರ್ಥದವರೆಗೂ ಯಾರೂ ಮುಟ್ಟಕೂಡದು ಅಂತ ಮನೆಯಲ್ಲೆಲ್ಲ ಅಪ್ಪಣೆ ಬೇರೆ. ಬುಧವಾರ ಬೆಳಿಗ್ಗೆ ದೀಪ ಹಚ್ಚಲು ಹೋಗುತ್ತೇನೆ, ವಾಚು ನಿಂತಿದೆ! ನಿಶ್ಚಿತಾರ್ಥಕ್ಕೆಂದು ದಾವಣಗೆರೆಯಿಂದ ಬಂದಿರುವ ಭಾಗವ್ವ ದೊಡ್ಡಮ್ಮ ಅದನ್ನು ನೋಡಿದಳು, ಸೆರಗನ್ನು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಅಪಶಕುನ ಅನ್ನುವ ಪದವನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕೊಟ್ರಾ, ನಿಜ ಹೇಳುತ್ತೇನೆ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು, ಜಗಲಿಯ ಮುಂದೆ ಹಾಗೇ ಕೂತುಬಿಟ್ಟೆ. ಐವತ್ತರ ಹತ್ರ ಬಂದು ಇದೇನಕ್ಕಾ, ಜನ ನಗ್ತಾರೆ ಅಂದು ಫೋನಿಟ್ಟೆಯಲ್ಲ, ಅದೇ ಕಿವಿಯಲ್ಲಿ. ದೇವರೂ ನಿನ್ನ ಪಕ್ಷಕ್ಕೇ ಸೇರಿಬಿಟ್ಟ ಅನ್ನಿಸಿತು. ಈ ಮದುವೆಯೇ ಬೇಡ ಅಂತ ಹೇಳಿಬಿಡಲು ಚನ್ನವೀರೇಶರಿಗೆ ಫೋನನ್ನೂ ಮಾಡಿದೆ. ಅವರು ಎತ್ತಲಿಲ್ಲ. ಮಾರೇನಹಳ್ಳಿಯಲ್ಲಿ ಅವರದು ಕನ್ನಡಕದ ಅಂಗಡಿ, ಆಗ ಯಾರದೋ ಕಣ್ಣು ಪರೀಕ್ಷೆ ಮಾಡುತ್ತಿದ್ದರಂತೆ. ಆ ಪುಣ್ಯಾತ್ಮನ ಕಣ್ಣಿಗೆ ಒಳ್ಳೆಯದಾಗಲಿ.

ಜಗಳಕ್ಕೇ ಅಂತ ವಾಚು ಎತ್ತಿಕೊಂಡು ಅಂಗಡಿಗೆ ಹೋದೆ. ಎಲ್ಲಿಟ್ಟಿದ್ರಿ ಅಂತ ವೆಂಕಟಸ್ವಾಮಿಯವರು ಕೇಳಿದರು, ಹೇಳಿದೆ. ನಾಲ್ಕು ಸಲ ಅಲ್ಲಾಡಿಸಿದರು, ಮುಳ್ಳು ಹೊರಟೇಬಿಟ್ಟಿತು. ಮೇಡಂ, ಇದು ಕೈಯಾಡಿದ್ರೆ ತಾನೇ ಕೀ ಕೊಟ್ಕೊಳ್ಳತ್ತೆ, ಎರಡು ದಿನ ಸುಮ್ನೆ ಇಟ್ರೆ ನಿಲ್ಲತ್ತೆ, ಪೂಜೆ ಮಾಡೋದಲ್ಲ ಕಟ್ಕೊಂಡು ಓಡಾಡ್ಬೇಕು ಅಂದರು. ನಾನು ಅಲ್ಲೇ ನಕ್ಕೆ, ನಗುತ್ತ ನಗುತ್ತ ಅಳು ಬಂದುಬಿಟ್ಟಿತು. ಪಾಪ, ಅವರು ಕುಡಿಯಲು ನೀರು ಕೊಟ್ಟರು.

ಆದರೆ ಆ ಅರ್ಧ ದಿನ ಚನ್ನವೀರೇಶರು ನನಗೆ ದಕ್ಕುವುದಿಲ್ಲ ಅಂದುಕೊಂಡಾಗ ಎಷ್ಟು ಸಂಕಟವಾಯಿತು ಅಂದರೆ, ಇವರು ನನಗೆ ಎಷ್ಟು ಬೇಕು ಅನ್ನುವುದು ನನಗೇ ಆಗ ತಿಳಿಯಿತು. ಅವರನ್ನು ನೀನು ನೋಡಿಯೂ ಇಲ್ಲ. ಹೆಂಡತಿ ಹೋಗಿ ಎಂಟು ವರ್ಷವಾಯಿತು. ಮಾತು ಕಮ್ಮಿ, ನನ್ನ ತಮಾಷೆಗೆ ಒಂದು ನಿಮಿಷ ತಡವಾಗಿ ನಗುತ್ತಾರೆ. ನಲವತ್ತೊಂಬತ್ತಕ್ಕೆ ಹೀಗೆ ನಾಚುತ್ತೀನಲ್ಲ ಅಂತ ನನಗೇ ನಗು, ಇನ್ನು ಜನ ನಗದೆ ಇರುತ್ತಾರೆಯೇ? ನಗಲಿ. ಅವರ ಸಾಲಿಗೆ ನೀನು ಹೋಗಿ ನಿಂತೆಯಲ್ಲ, ನೋವು ಅಷ್ಟೇ.

ನೀನು ಬರದಿದ್ದರೂ ಮದುವೆ ನಿಲ್ಲುವುದಿಲ್ಲ, ಅದು ತೀರ್ಮಾನವಾಯಿತು. ಆದರೆ ವಾಚನ್ನು ಬೇರೆ ಯಾರಿಂದಲೂ ಕಟ್ಟಿಸುವುದಿಲ್ಲ. ಅದು ಹಾಗೇ ತಟ್ಟೆಯಲ್ಲಿರಲಿ, ಬಂದವರು ಕೇಳಲಿ. ಬೆಳಿಗ್ಗೆ ಹತ್ತೂವರೆಗೆ, ಇಲ್ಲೇ ಮನೆಯಲ್ಲಿ. ಬಾರೋ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ಬಾರದ ಅಕ್ಕ,
ಜಗದಾಂಬಾ

ವಿ.ಸೂ.: ಈ ಕಾಗದ ತಂದುಕೊಟ್ಟವರನ್ನು ಕೊರಿಯರಿನವರು ಅಂದುಕೊಂಡು ಗೇಟಿನಲ್ಲೇ ನಿಲ್ಲಿಸಿದ್ದರೆ ಈಗಲೇ ಎದ್ದು ಹೋಗು. ಅವರೇ ಚನ್ನವೀರೇಶ್. ಒಳಗೆ ಏನು ಬರೆದಿದ್ದೇನೆಂದು ಅವರಿಗೆ ಗೊತ್ತಿಲ್ಲ. ತಮ್ಮನ ಕೈಗೇ ಕೊಟ್ಟು, ಅವನು ಓದಿ ಮುಗಿಸುವ ತನಕ ಅಲ್ಲೇ ಇರಿ ಅಂದೆ, ಆಗಲಿ ಅಂದರು. ನೀನಾಗಿ ಕೇಳದೆ ತಾವು ಯಾರೆಂದು ಹೇಳುವವರಲ್ಲ, ಅಷ್ಟು ಸಂಕೋಚ. ಒಳಗೆ ಕರೆ, ಕಾಫಿ ಕೊಡು, ಸಕ್ಕರೆ ಬೇಡ. ಕಳಿಸುವ ಮುಂಚೆ ಒಂದು ದಾರದಲ್ಲಿ ಅವರ ಮಣಿಕಟ್ಟಿನ ಅಳತೆ ತೆಗೆದುಕೊ. ಕಟ್ಟುವವನು ನೀನು, ಪಟ್ಟಿಗೆ ಎಲ್ಲಿ ತೂತು ಹಾಕಿಸಬೇಕೋ ನೀನೇ ನೋಡು.