ದಾರ ಸುತ್ತಿಟ್ಟ ಮೊಳೆ

ಶಹಾಪುರದ ಪ್ರೆಸ್ಸಿನ ಅಮಾತೆಪ್ಪನವರಿಗೆ ಶರಣು.

ದೊಡ್ಡೋರು ಅಕ್ಷರ ಕಲಿಯೋ ನಮ್ಮ ಸಂಜಿ ಶಾಲಿ ಕರಪತ್ರ ಅಚ್ಚಾದ ಮ್ಯಾಲೂ ನೀವು ಅದಕ್ಕ ಜೋಡಿಸಿದ್ದ ಸೀಸದ ಅಕ್ಷರದ ಮೊಳೆ ಬಿಚ್ಚಲಿಲ್ಲ, ದಾರ ಸುತ್ತಿ ಇಟ್ರಿ. "ಇದಕ್ಕ ನಿಂತ ಮ್ಯಾಟರ್ ಅಂತಾರ, ಮುಂದಿನ ವರ್ಷ ತಾರೀಖು ಬದಲು ಮಾಡಿದ್ರ ಸಾಕು" ಅಂದ್ರಂತ. ಕಾಲುವಿಗಿ ನೀರು ಬಂದ್ರ ನಾವೆಲ್ಲ ಶಾಲಿ ಬಿಟ್ಟು ನಾಟಿಗಿ ಓಡ್ತಿದ್ವಿ. ನೀವು ಮಾತ್ರ ನಂಬಿಕಿ ಬಿಡಲಿಲ್ಲ. ಲಗ್ನದ ಸೀಜನ್ನಿನ್ಯಾಗ ಲಗ್ನಪತ್ರಿಕಿಗಿ ಅಕ್ಷರ ಕಮ್ಮಿ ಬಿದ್ರ ಸುರಪುರದಿಂದ ಕಡಾ ತಂದ್ರಿ, ನಮ್ಮ ದಾರಕ್ಕ ಕೈ ಹಚ್ಚಲಿಲ್ಲ. ಎಂಥಾ ಗಟ್ಟಿ ಮನಸ್ರಿ ನಿಮ್ದು!

ಈಗ ಬಿಚ್ರಿ. ಆ ಅಕ್ಷರ ಯಾರದರ ಲಗ್ನಕ್ಕ ಬರ್ಲಿ. ನಮ್ಮ ಓಣ್ಯಾಗ ಓದಾಕ ಬರಲಾರದಾಕಿ ಒಬ್ಬಾಕಿನೇ ಉಳಿದಿದ್ಳು. ಈ ಪತ್ರ ಆಕಿನೇ ಬರದಾಳ.

ಲಾಲಮ್ಮ, ಸಗರ