ಅಮ್ಮನ ಕಿಟಕಿಗೆ ಜಾಲರಿ ಬೇಡ

ಅಣ್ಣನಿಗೆ,

ಅಮ್ಮನ ಕಿಟಕಿಗೆ ಜಾಲರಿ ಹಾಕೋಕೆ ಬಡಗೀನ ಕಳಿಸ್ತೀನಿ ಅಂದಿದ್ದೆಯಲ್ಲ, ಈಗ ಬೇಡ.

ಹಿತ್ತಲ ಬೇಲಿಯಲ್ಲಿ ಕಪ್ಪು ಹಕ್ಕಿಗಳು ಗೂಡು ಕಟ್ಟಿದ್ದವು. ಗಂಡು ಹೆಣ್ಣು ಸರದಿಯಲ್ಲಿ ಎರೆಹುಳ ತರೋದು, ಮರಿಗಳು ಬಾಯಿ ತೆರೆಯೋದು, ಎಲ್ಲಾ ಅಮ್ಮ ಮಲಗಿದ್ದಲ್ಲಿಂದಲೇ ನೋಡ್ತಿದ್ದಳು. ಆಗಲೇ ನನ್ನ ಕೈಯ ಗಂಜಿ ಬಿಟ್ಟಿದ್ದು. ಚಮಚ ಕಂಡರೆ ತುಟಿ ಬಿಗೀತಾಳೆ. ಗೋಗರೆದೆ, ಗದರಿದೆ, ಜಗ್ಗಲಿಲ್ಲ. ಆದರೂ ಮೊನ್ನೆ ಬಂದ ನರ್ಸ್, "ಚೆನ್ನಾಗಿ ತಿನ್ನಿಸ್ತಿದ್ದೀಯಮ್ಮ, ಕೆನ್ನೆ ತುಂಬಿಕೊಂಡಿದೆ" ಅಂದರು. ನಾನು ಹೂಂ ಅಂದೆ.

ಮರಿಗಳು ಹಾರಿಹೋಗಿ ಗೂಡು ಖಾಲಿಯಾಯಿತು. ಹಕ್ಕಿಗಳು ಮಾತ್ರ ಇನ್ನೂ ಕೊಕ್ಕು ತುಂಬಿಕೊಂಡು ಬರ್ತಿವೆ, ನೇರ ಕಿಟಕಿಗೆ. ರೆಕ್ಕೆ ಸದ್ದಾದರೆ ಅಮ್ಮ ಕಣ್ಣು ಮುಚ್ಚಿ ಬಾಯಿ ತೆರೀತಾಳೆ.

ಒಲೆ ಹಚ್ಚಿ ಎಷ್ಟೋ ದಿನ ಆಯಿತು. ನನ್ನೊಬ್ಬಳಿಗೆ ಅಂತ ಯಾರು ಬೇಯಿಸ್ತಾರೆ? ನಿನ್ನೆ ಸುಸ್ತಾಗಿ ಅಮ್ಮನ ಪಕ್ಕ ಮಲಗಿದ್ದೆ. ಕಿಟಕಿಯಲ್ಲಿ ರೆಕ್ಕೆ ಬಡಿದ ಸದ್ದು. "ಮೊದಲು ನೀನು" ಅಂದಳು ಅಮ್ಮ. ಕಾಯಿಲೆ ಬಿದ್ದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಕಣ್ಣು ಮುಚ್ಚಿಕೊಂಡೆ. ಹೊಟ್ಟೆ ತುಂಬಿತು ಅಣ್ಣ.

ನೀನೂ ಒಮ್ಮೆ ಬಂದು ಹೋಗು. ದಾರಿಯಲ್ಲಿ ಏನೂ ತಿಂದು ಬರಬೇಡ.

ನಿನ್ನ ತಂಗಿ