ಅಪ್ಪಯ್ಯ ಬಿದ್ದ ಯುದ್ಧ

ಕುಮಟಾ
ಏಪ್ರಿಲ್ 17, ಶುಕ್ರವಾರ

ಭಟ್ಕಳದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿರುವ ಚಿ. ಅರ್ಚಿತಾಳಿಗೆ ಆಯಿಯ ಆಶೀರ್ವಾದ.

ಕುಮಟಾ, ಹೊನ್ನಾವರ, ಭಟ್ಕಳ, ಈ ಮೂರೂ ತಾಲೂಕುಗಳ ಸಮಸ್ತ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ, ನಿನ್ನೆ ಗುರುವಾರ ಸಂಜೆ, ಕುಕ್ಕರು ಸೀಟಿ ಹೊಡೆಯುವುದಕ್ಕೂ ಮೊದಲು, ಸುಣ್ಣದ ಕೋಟೆಯ ಕಲ್ಲುದೊರೆಯು ನಮ್ಮ ಊಟದ ಮೇಜಿನ ಮೇಲೆ ಹತನಾದನು. ಡಂಗುರ ಹೊಡೆಯಲು ಜನ ಸಿಗಲಿಲ್ಲ, ಅದಕ್ಕೆ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನಡುವೆ ಬಾಯಿ ಹಾಕಿ ಆಸ್ಪತ್ರೆಯ ಸುದ್ದಿ ತೆಗೆಯುತ್ತೀಯೆ. ಕಾಗದದಲ್ಲಿ ನಿನಗೆ ಆ ಅನುಕೂಲ ಇಲ್ಲ.

ಅಪ್ಪಯ್ಯ ಮೆಟ್ಟಿಲು ಹತ್ತದೆ, ಬಿಸಿಲಿಗೆ ಹೋಗದೆ ಕೂತಿರಲಿ ಎಂದು ನೀನೇ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು ಹೋದ ಆಟ. ನಾಲ್ವರ ದಂಡು ನಮ್ಮದು. ಅಪ್ಪಯ್ಯ ಕತ್ತಿ ಹಿಡಿದವರು, ನಾನು ಗಾಯ ವಾಸಿಮಾಡುವ ಮದ್ದಿನವಳು. ಪಕ್ಕದ ಮನೆಯ ಕಲ್ಪನಾ ಹೊಲಿಗೆ ಮೆಶಿನ್ ಬಿಟ್ಟು ಬಂದು ಬಿಲ್ಲು ಹಿಡಿದಿದ್ದಾಳೆ. ನಿನ್ನ ಹೆಸರಿನ ಮಾಟಗಾತಿಯನ್ನೂ ಅಪ್ಪಯ್ಯನೇ ಆಡಿಸುತ್ತಾರೆ. ನಿನ್ನ ಹಾಗೆಯೇ, ತಡವಾಗಿ ಬಂದು ಬೆಂಕಿ ಕಾರುತ್ತಾಳೆ. ಯುದ್ಧವೋ ತಾಳಮದ್ದಳೆಯ ರೀತಿಯದು. ಒಬ್ಬರ ಸರದಿ ಮುಗಿಯುವವರೆಗೆ ಇನ್ನೊಬ್ಬರು ಕೈಕಟ್ಟಿ ನಿಂತಿರಬೇಕು.

ದೊರೆಯ ಗದೆಗೆ ಮೊದಲು ಉರುಳುವವರು ಎದುರಿಗೆ ನಿಂತ ಅಪ್ಪಯ್ಯ. ಕೂಡಲೇ ಪರದೆಯ ಮೇಲೆ ಕೆಂಪಕ್ಷರದಲ್ಲಿ, ತ್ರ್ಯಂಬಕ ಸತ್ತ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಮದುವೆಯಾದಾಗಿನಿಂದ ನಾನೇ ಬಾಯಿಬಿಟ್ಟು ಹೇಳದ ಹೆಸರು ಅದು! (ಬರೆದರೆ ದೋಷವಿಲ್ಲ.) ನೋಡಿಕೊಂಡು ಸುಮ್ಮನೆ ಕೂರುವುದು ಹೇಗೆ? ನನ್ನ ಸರದಿ ಬಂದದ್ದೇ, ಬೇರೆ ಯಾರ ಗಾಯವನ್ನೂ ನೋಡದೆ, ಸತ್ತವರನ್ನು ಎಬ್ಬಿಸುವ ಬಾಟಲಿಯನ್ನು ಅವರ ಬಾಯಿಗೆ ಹಿಡಿಯುತ್ತಿದ್ದೆ. ಕಾಲು ಜೀವದಲ್ಲಿ ತೂರಾಡುತ್ತ ಅವರು ಏಳುವುದು, ದೊರೆ ಮತ್ತೆ ಬಾರಿಸುವುದು, ಅವರು ಮತ್ತೆ ಬೀಳುವುದು, ನಾನು ಮತ್ತೆ ಬಾಟಲಿ ತೆಗೆಯುವುದು. ಬಾಟಲಿ ಮುಗಿಯುವುದರೊಳಗೆ ಕಲ್ಪನಾ ಹೋದಳು, ನೀನು ಹೋದೆ, ನಾನೂ ಹೋದೆ. ವಾರವಿಡೀ ಇದೇ ಕಥೆ.

“ಅಕ್ಕಾ, ಎಂತ ಮಾಡ್ತ್ರಿ? ಭಟ್ರು ಬಿದ್ರೆ ಬಿದ್ಕಂಡಿರ್ಲಿ. ಬಿದ್ದೋರಿಗೆ ಅವ ಹೊಡೂದಿಲ್ಲ!” ಎಂದು ಕಲ್ಪನಾ ತಲೆ ಚಚ್ಚಿಕೊಂಡಳು. ಅಪ್ಪಯ್ಯನದು ಇನ್ನೊಂದು ರಾಗ: “ಆನು ಸತ್ರೆ ಸತ್ತಿ, ನೀ ಮದ್ಲು ನಿನ್ನ ನೋಡ್ಕ್ಯಳೇ!” ತಾನು ಸಾಯುವ ಮಾತಾಡಿದ್ದಕ್ಕೆ ಬಿಡ್ತು ಹೇಳಿ ಎಂದು ನಾನು ಗದರಿದರೆ, ನಗುತ್ತ ಮೂರು ಸಲ ಬಿಡ್ತು ಅಂದರು, ಮತ್ತೆ ಬಿದ್ದರು.

ಸರಿ, ನೀನು ಕೇಳುವ ಸುದ್ದಿಗೆ ನಾನೇ ಬರುತ್ತೇನೆ. ಅಪ್ಪಯ್ಯನ ಹೃದಯದ ಕವಾಟ ಬದಲಿಸಬೇಕು, ಮಳೆಗಾಲಕ್ಕೆ ಮೊದಲೇ ಆಗಲಿ ಎಂದು ಮಂಗಳೂರಿನ ಡಾಕ್ಟರು ಅಂದರು. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ನಡೆಸುತ್ತೇವೆ ಎಂದರು. ನಾನು ಕುರ್ಚಿಯಿಂದ ಎದ್ದು ಹೊರಗೆ ಬಂದದ್ದನ್ನು ನೀನೇ ನೋಡಿದ್ದೀಯೆ. ನಿಲ್ಲಿಸಿ ನಡೆಸಲು ಅದೇನು ಮಿಕ್ಸಿಯೇ? ಅಪ್ಪಯ್ಯನೋ, ಅವಳು ಹೂಂ ಅಂದರೆ ಮಾತ್ರ ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಆಟಕ್ಕೆ ಕೂತುಬಿಟ್ಟರು.

ನಿನ್ನೆ ಅವರು ಬಿದ್ದಾಗ ನನ್ನ ಚೀಲದಲ್ಲಿ, ಗಾಯದ ಮದ್ದು ಬಿಟ್ಟರೆ, ಸತ್ತವರನ್ನು ಎಬ್ಬಿಸಲು ಉಳಿದದ್ದು ಒಂದೇ ಬಾಟಲಿ. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ, ಓಡಿದೆ. ತಿರುಗಿ ಬಂದರೆ ದೊರೆ, ಪಾಪ, ಎತ್ತಿದ ಗದೆ ಎತ್ತಿಕೊಂಡೇ ನನ್ನ ದಾರಿ ಕಾಯುತ್ತಿದ್ದಾನೆ. ಇಷ್ಟು ಮರ್ಯಾದಸ್ಥ ವೈರಿ ಎಲ್ಲಿ ಸಿಗುತ್ತಾನೆ? ಆದರೆ ನನ್ನ ಹಿಂದೆ ಅಡುಗೆಮನೆಯ ಬಾಗಿಲವರೆಗೆ ಬಂದು ಹೋದ ಅಪ್ಪಯ್ಯ, ಅಷ್ಟಕ್ಕೇ ಏದುಸಿರು ಬಿಡುತ್ತ ಮೇಜು ಹಿಡಿದು ನಿಂತಿದ್ದರು. ಆ ಕವಾಟ ಯಾರ ಸರದಿಗೂ ಕಾಯುವ ಜಾತಿಯದಲ್ಲ, ಕೂಸೇ.

ಸೆರಗು ಸಿಕ್ಕಿಸಿ ಕೂತೆ. ಬಿದ್ದವರನ್ನು ಬಿದ್ದಲ್ಲೇ ಬಿಟ್ಟೆ. ಮೊದಲು ನನ್ನ ಗಾಯಕ್ಕೆ ಮದ್ದು ಹಾಕಿಕೊಂಡೆ. ಗದೆ ಬಂತು, ನಿಂತೆ. ಆಮೇಲೆ ಕಲ್ಪನಾಳಿಗೆ ಮದ್ದು. ಮತ್ತೆ ಗದೆ, ಮತ್ತೆ ನಿಂತೆವು. ಕೆಂಪಕ್ಷರ ಅಲ್ಲೇ ಇತ್ತು. ಆ ಹೆಸರಿನವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, “ಹೆದ್ರಡ, ಆನು ಇಲ್ಲೇ ಇದ್ನಲೇ” ಅಂದರು. ದೊರೆಯೂ ದಣಿದು ಗದೆ ಊರಿ ನಿಲ್ಲುವ ಸರದಿಯೊಂದಿದೆ. ಅದು ಬರುವವರೆಗೆ ತಡೆದು, ಆಗ ಕೊಟ್ಟೆ ಕೊನೆಯ ಬಾಟಲಿ. ಅಪ್ಪಯ್ಯ ಎದ್ದರು. ಹೊಡೆಯುವವರಿಲ್ಲದೆ ಕಾಲೂರಲು ಅಷ್ಟು ಹೊತ್ತು ಸಿಕ್ಕಿದ್ದೇ ಸಾಕಾಯಿತು. ನೀನು ಬೆಂಕಿ ಕಾರಿದೆ, ಅವರು ಕತ್ತಿ ಬೀಸಿದರು, ದೊರೆ ಹಳೇ ಕಾಂಪೌಂಡ್ ಗೋಡೆಯಂತೆ ಕುಸಿದ. ಕಲ್ಪನಾ ಕೂಗಿದ ಕೂಗಿಗೆ ಎದುರು ಮನೆಯವರು ಎಂತ ಆತು ಎಂದು ಓಡಿ ಬಂದರು.

ಮದ್ದಿನವಳ ಕಣ್ಣಲ್ಲಿ ಹನಿ ನೀರು ಕೂಡ ಬರಲಿಲ್ಲ ಎಂದು ಚರಿತ್ರೆಯಲ್ಲಿ ಬರೆದಿಡತಕ್ಕದ್ದು.

ಇತಿ, ಕೋಟೆ ಗೆದ್ದ ದಂಡಿನ ಪರವಾಗಿ
ನಿನ್ನ ಆಯಿ
ಮೂಕಾಂಬಿಕಾ

ತಾ.ಕ.: ಚರಿತ್ರೆಯ ಆ ಸಾಲನ್ನು ಹೊಡೆದುಹಾಕು. ಅವರು ಬಿದ್ದಷ್ಟು ಹೊತ್ತೂ ನನ್ನ ಎಡಗೈ ತಾಳಿ ಹಿಡಿದಿತ್ತು. ಗುಂಡಿ ಒತ್ತಿದ್ದು ಬಲಗೈ ಒಂದೇ. ಇವತ್ತು ಬೆಳಿಗ್ಗೆ ಅದೇ ಬಲಗೈಯಲ್ಲಿ ಡಾಕ್ಟರಿಗೆ ಫೋನ್ ಮಾಡಿ ಹೂಂ ಅಂದೆ. ಬುಧವಾರ ಸೇರಿಸಿಕೊಳ್ಳುತ್ತಾರೆ. ನೀನು ಭಟ್ಕಳ ಸ್ಟೇಷನ್ನಿನಲ್ಲಿ ನಮ್ಮ ರೈಲು ಹತ್ತಿಕೋ. ಅಪ್ಪಯ್ಯ ಎದ್ದ ಮೇಲೆ ಮುಂದಿನ ಕೋಟೆ ಎಲ್ಲಿ ಎಂದು ಕೇಳದೆ ಬಿಡುವವರಲ್ಲ, ನಮ್ಮ ಚಾರ್ಜರಿನ ವಯರು ನೋಡಿದರೆ ಗಿಡ್ಡ. ಬರುವಾಗ ಆಸ್ಪತ್ರೆಯ ಮಂಚಕ್ಕೆ ಮುಟ್ಟುವಂಥ ಒಂದು ಎಕ್ಸ್‌ಟೆನ್ಶನ್ ಬಾಕ್ಸ್ ತಾ.